ಕಿಸೆಯ ಚಾಕು ಮತ್ತು ಹೊಲದ ಹಾವು



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹೊಲಕ್ಕೆ ಹೋಗುವ ಅನೇಕರ ಕಿಸೆಯಲ್ಲಿ ಒಂದು ಮಡಿಸುವ ಚಾಕು ಇರುತ್ತದೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹಗ್ಗ ಕತ್ತರಿಸಲು, ಬುತ್ತಿಯ ಉಳ್ಳಾಗಡ್ಡಿ ಹೆಚ್ಚಲು ಅದು ಬೇಕೇ ಬೇಕು. ಆದರೆ ಹಾವು ಎದುರಾದಾಗ ಅದೇ ಚಾಕು ಜೀವಕ್ಕೆ ಕುತ್ತು ತಂದೀತು. ಯಾವಾಗ ಅದನ್ನು ತೆಗೆಯಬೇಕು, ಯಾವಾಗ ತೆಗೆಯಬಾರದು ಎಂಬುದನ್ನು ತಿಳಿದಿರುವುದು ಅವಶ್ಯ.

ತೊಗರಿಯ ಬಣವೆ, ಎರೆಭೂಮಿಯ ಬಿರುಕು, ಭೀಮಾ ದಂಡೆಯ ಕಬ್ಬು, ಎಲ್ಲೆಲ್ಲಿ ಇಲಿಯೋ ಅಲ್ಲಲ್ಲಿ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕು ಹೆಚ್ಚು ಅಪಾಯಕಾರಿ. ಕೇರೆಹಾವಿಗೆ ವಿಷವಿಲ್ಲ, ಇಲಿ ತಿಂದು ಕಾಳು ಉಳಿಸುವ ಉಪಕಾರಿ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ಕಡಿದ ಜಾಗವನ್ನು ಚಾಕುವಿನಿಂದ ಕೊಯ್ದು ರಕ್ತ ಹರಿಸುವುದು ಹಳೆಯ ರೂಢಿ. ಅದರಿಂದ ವಿಷ ಹೊರಬರುವುದಿಲ್ಲ. ಮಂಡಲ ಜಾತಿಯ ಹಾವುಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕೊಯ್ದ ಗಾಯದಿಂದ ರಕ್ತ ನಿಲ್ಲದೆ ಸೋರುತ್ತದೆ. ಬಾಯಿಂದ ಹೀರುವುದು, ಹಗ್ಗ ಬಿಗಿಯುವುದು, ನಾಟಿ ಔಷಧಿಗಾಗಿ ಹೊತ್ತು ಕಳೆಯುವುದು ಇವೂ ಸಲ್ಲವು.

ಕಡಿಸಿಕೊಂಡವರನ್ನು ನಡೆಸದೆ ಮಲಗಿಸಿ, ಧೈರ್ಯ ಹೇಳಬೇಕು. ಉಂಗುರ, ಬಳೆ, ಕಾಲುಂಗುರಗಳನ್ನು ಬಾವು ಏರುವ ಮೊದಲೇ ತೆಗೆಯಬೇಕು. ಮೂಳೆ ಮುರಿದಾಗ ಮಾಡುವಂತೆ ಕೈಕಾಲಿಗೆ ದಬ್ಬೆ ಕಟ್ಟಿ ಅಲುಗದಂತಿಡಬೇಕು. ಇಲ್ಲಿ ಚಾಕುವಿಗೆ ಕೆಲಸವುಂಟು: ಬಿಗಿಯಾದ ತೋಳು ಸೀಳಲು, ದಬ್ಬೆ ಕಟ್ಟಲು ಬಟ್ಟೆಯ ಪಟ್ಟಿ ಮಾಡಲು. ಆದರೆ ಯಾರಾದರೂ ಮೊದಲೇ ಹಗ್ಗ ಬಿಗಿದಿದ್ದರೆ ಅದನ್ನು ದಾರಿಯಲ್ಲಿ ಕತ್ತರಿಸದೆ, ವೈದ್ಯರ ಮುಂದೆಯೇ ಬಿಚ್ಚಿಸತಕ್ಕದ್ದು. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಆಸ್ಪತ್ರೆ ಸೇರಿಸಬೇಕು. ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಅದು ಒಂದೇ. ಆದ್ದರಿಂದ ಹಾವನ್ನು ಕೊಂದು ಒಯ್ಯುವ ಅಗತ್ಯವಿಲ್ಲ. ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಕಟ್ಟುಹಾವಿನ ಕಡಿತಕ್ಕೆ ನೋವಾಗಲಿ ಬಾವಾಗಲಿ ಹೆಚ್ಚಿರುವುದಿಲ್ಲ. ರಾತ್ರಿ ಮಲಗಿದವರಿಗೆ ಹೊಟ್ಟೆನೋವು ಬಂದು ರೆಪ್ಪೆ ಜೋಲಿದರೆ ತಡಮಾಡಬಾರದು.

ಇನ್ನು ಹಾವನ್ನು ಸಾಗಿಸುವ ಮಾತು. ಹೊಲದಲ್ಲಿ ಕಂಡ ಹಾವಿಗೆ ದಾರಿ ಬಿಟ್ಟರೆ ಸಾಕು, ಅದೇ ಹೋಗುತ್ತದೆ. ಮನೆ ಅಥವಾ ಕೊಟ್ಟಿಗೆ ಹೊಕ್ಕರೆ ಮಕ್ಕಳನ್ನೂ ದನಗಳನ್ನೂ ದೂರ ಸರಿಸಿ, ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟು, ಅರಣ್ಯ ಇಲಾಖೆಯ 1926 ಸಂಖ್ಯೆಗೆ ತಿಳಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೇರೆಗೆ ನಾಗರಹಾವು, ಕೊಳಕುಮಂಡಲ, ಕೇರೆಹಾವುಗಳನ್ನು ಕೊಲ್ಲುವುದು ಅಪರಾಧ. ಹಿಡಿಯುವುದು ತರಬೇತಿ ಪಡೆದವರ ಕೆಲಸ. ಹಿಡಿದ ಹಾವನ್ನು ಸಮೀಪದ ಯೋಗ್ಯ ಜಾಗದಲ್ಲೇ ಬಿಡುವುದು ಒಳ್ಳೆಯದು. ಬಹುದೂರ ಒಯ್ದು ಬಿಟ್ಟರೆ ಅದು ಬಿಲ, ಆಹಾರ ಕಾಣದೆ ಅಲೆದು ಸಾಯುವುದುಂಟು.

ತೋಟದ ಸುತ್ತ ಕಟ್ಟಿದ ನೈಲಾನ್ ಬಲೆಗೆ ಹಾವು ಸಿಕ್ಕಿಕೊಂಡಾಗ ಕರುಣೆಯಿಂದ ಚಾಕು ತೆಗೆದು ಎಳೆ ಕತ್ತರಿಸಲು ಹೋಗುವವರಿದ್ದಾರೆ. ಕೈ ಅಷ್ಟು ಹತ್ತಿರ ಹೋಗುವುದೇ ಅಪಾಯ. ಚಾಕುವಿನ ಮೊನೆಯಿಂದ ಹಾವಿಗೂ ಗಾಯವಾದೀತು. ದೂರದಿಂದ ನೆರಳು ಮಾಡಿ, ಬಲ್ಲವರಿಗಾಗಿ ಕಾಯುವುದೇ ಸರಿ. ಬಲೆಯ ಕೆಳ ಅಂಚು ನೆಲದ ಮೇಲೆ ರಾಶಿ ಬೀಳದಂತೆ ನೋಡಿಕೊಂಡರೆ ಈ ತೊಂದರೆ ಕಡಿಮೆಯಾಗುತ್ತದೆ.

ತೊಗರಿ ಕೊಯ್ಲಿಗೆ ಮೊಣಕಾಲೆತ್ತರದ ಬೂಟು, ರಾತ್ರಿ ನೀರು ಕಟ್ಟಲು ಹೋಗುವಾಗ ಬ್ಯಾಟರಿ, ಮಲಗಲು ಮಂಚ ಮತ್ತು ಸೊಳ್ಳೆಪರದೆ ಇವು ಚಾಕುವಿಗಿಂತ ಹೆಚ್ಚು ಕಾಪಾಡುತ್ತವೆ. ಕಣ ಕಾಯಲು ಹೋಗುವ ಕೂಲಿಯವರಿಗೂ ಇವನ್ನು ಒದಗಿಸುವುದು ಹೊಲದ ಒಡೆಯನ ಹೊಣೆ.