ಮತ ಹಾಕಿದ ಮರುದಿನ ನೀವು ಯಾರು?

ಚುನಾವಣೆ ಬಂತೆಂದರೆ ನಮ್ಮ ಕೊಪ್ಪಳ ಜಿಲ್ಲೆಯ ಸಿದ್ದಾಪುರ ಸೀಮೆಯ ಹುಡುಗರನ್ನು ಹಿಡಿಯುವವರಿಲ್ಲ. ಬೈಕ್ ರ‍್ಯಾಲಿ, ಡಿಜೆ, ಹೆಗಲ ಮೇಲೆ ಶಾಲು, ಸ್ಟೇಟಸ್ ತುಂಬ ನಾಯಕರ ಫೋಟೊ. ಎಣಿಕೆ ಮುಗಿದು ಪಟಾಕಿ ಹೊಡೆದ ಮರುದಿನ ಎಲ್ಲ ತಣ್ಣಗೆ. ಆಮೇಲೆ ಐದು ವರ್ಷ ನಮಗೆ ಉಳಿಯುವ ಮಾತು ಒಂದೇ: ‘ಅಣ್ಣಾರ, ಸ್ವಲ್ಪ ನೋಡ್ರಿ.’

ಈ ರೋಗವನ್ನು 1762ರಷ್ಟು ಹಿಂದೆಯೇ ಒಬ್ಬ ಹಿಡಿದು ತೋರಿಸಿದ್ದ. ಹೆಸರು ರೂಸೋ. ಇಂಗ್ಲೆಂಡಿನ ಜನರ ಸ್ವಾತಂತ್ರ್ಯ ಚುನಾವಣೆಯ ಜೊತೆ ಶುರುವಾಗಿ ಚುನಾವಣೆಯ ಜೊತೆಗೇ ಮುಗಿದುಹೋಗುತ್ತದೆ ಎಂದು ‘ಸಾಮಾಜಿಕ ಒಪ್ಪಂದ’ ಎಂಬ ತನ್ನ ಸಣ್ಣ ಪುಸ್ತಕದಲ್ಲಿ ಚುಚ್ಚಿದ. ದೊಡ್ಡ ಮನೆತನದವನೇನಲ್ಲ. ಜಿನೀವಾ ಊರಿನ ಗಡಿಯಾರ ಮಾಡುವವನ ಮಗ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯನ್ನು ಕಳೆದುಕೊಂಡವನು, ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದವನು, ಹದಿನೈದಕ್ಕೆ ಊರು ಬಿಟ್ಟವನು. ಪುಸ್ತಕ ಬಂದ ವರ್ಷವೇ ಜಿನೀವಾದ ಆಡಳಿತ ಅದನ್ನು ಸುಡಿಸಿತು, ಅವನನ್ನು ಹಿಡಿಯಲು ಆಜ್ಞೆ ಹೊರಡಿಸಿತು. ಅವನು ಸತ್ತದ್ದು 1778ರಲ್ಲಿ. ಹನ್ನೊಂದು ವರ್ಷ ಕಳೆದು ಫ್ರಾನ್ಸಿನ ಜನ ಹೊರಡಿಸಿದ ಮಾನವ ಹಕ್ಕುಗಳ ಘೋಷಣೆಯ ಆರನೇ ಕಲಮಿನಲ್ಲಿ ಕೂತದ್ದು ಅವನದೇ ವಿಚಾರ: ಕಾನೂನು ರಾಜನ ಮರ್ಜಿಯಲ್ಲ, ಎಲ್ಲರೂ ಸೇರಿದ ಇಚ್ಛೆ.

ನಮಗೇಕೆ ಈ ಫ್ರೆಂಚ್ ಪುರಾಣ ಎನ್ನುವವರು ತಮ್ಮ ಮುತ್ತಜ್ಜನ ಕಾಲ ನೆನೆಯಲಿ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಜನ ಇನ್ನೂ ನಿಜಾಮನ ಪ್ರಜೆಗಳು. ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಕಟ್ಟಿದರು, ನಿಮ್ಮ ವಯಸ್ಸಿನ ಹುಡುಗರು ನಿಜಾಮನ ಕಡೆಯ ರಜಾಕಾರರಿಗೆ ಎದೆಯೊಡ್ಡಿದರು. 1948ರ ಸೆಪ್ಟೆಂಬರ್ 17ಕ್ಕೆ ಈ ಸೀಮೆಗೆ ಬಿಡುಗಡೆಯಾಯಿತು. 1952ರಲ್ಲಿ ಅದೇ ಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಬರೀ ಆಳಿಸಿಕೊಳ್ಳುತ್ತಿದ್ದ ಜನ ನಾಲ್ಕೇ ವರ್ಷದಲ್ಲಿ ಆಳುವವರನ್ನು ಆರಿಸುವಂತಾದರು. ರೂಸೋ ಕೇಳುವುದು ಅದರ ಮುಂದಿನ ಹೆಜ್ಜೆಯನ್ನು: ಆರಿಸಿದಿರಿ ಸರಿ, ಆಳುವುದರಲ್ಲಿ ನಿಮ್ಮ ಪಾಲೆಲ್ಲಿ?

ಈಗ ಕಾಲುವೆಗೆ ಬನ್ನಿ. ರೂಸೋನನ್ನು ಪಿಯುಸಿ ನೋಟ್ಸಿಗಿಂತ ಚೆನ್ನಾಗಿ ಅಲ್ಲಿ ಓದಬಹುದು. ಮುನಿರಾಬಾದಿನ ಜಲಾಶಯದಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಹರಿದು ರಾಯಚೂರು ಮುಟ್ಟಬೇಕು. ಅಚ್ಚುಕಟ್ಟು ಸುಮಾರು 6 ಲಕ್ಷ ಎಕರೆ. ಯೋಜನೆ ಮಾಡಿದವರು ಹೆಚ್ಚಿನ ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಲೆಕ್ಕ ಹಾಕಿದ್ದರು. ನಾವು ಭತ್ತ ಹಚ್ಚಿದೆವು, ಅದೂ ಎರಡು ಬೆಳೆ. ಕ್ಯಾಂಪುಗಳು ಎದ್ದವು, ಮಿಲ್ಲುಗಳು ಎದ್ದವು, ಗಂಗಾವತಿ-ಕಾರಟಗಿ ಭತ್ತದ ಕಣಜವಾಯಿತು. ಹೆಮ್ಮೆಯೇ. ಆದರೆ ನೀರು ಅಷ್ಟೇ ಇದೆ. ಅಷ್ಟೇ ಏಕೆ, ಕಡಿಮೆಯಾಗಿದೆ: 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಿತ್ತು ನೀರು ನದಿ ಪಾಲಾದಾಗ ಇಡೀ ಅಚ್ಚುಕಟ್ಟಿಗೆ ನಿದ್ದೆ ಬರಲಿಲ್ಲ.

ರಾತ್ರಿ ಹೊತ್ತು ಕಾಲುವೆ ದಂಡೆಗೆ ಹೋಗಿ ನೋಡಿ. ಮೋಟರ್ ಗುಂಯ್‌ಗುಡುತ್ತಿರುತ್ತದೆ, ದಂಡೆ ಮೇಲೆ ಪೈಪ್ ಬಿದ್ದಿರುತ್ತದೆ. ಮೇಲ್ಭಾಗದಲ್ಲಿ ಪೈಪ್ ಹಾಕಿದ ರೈತ ಕಳ್ಳನಲ್ಲ, ಅವನಿಗೂ ಸಾಲ ಇದೆ. ಅವನ ಲೆಕ್ಕ ಅವನ ಹೊಲದ ಮಟ್ಟಿಗೆ ಸರಿ. ಹೀಗೆ ಎಲ್ಲರ ಲೆಕ್ಕವೂ ಅವರವರ ಹೊಲದ ಮಟ್ಟಿಗೆ ಸರಿಯಾಗಿ, ಮಾನ್ವಿ, ಸಿರವಾರದ ಕೊನೆ ಭಾಗದವರಿಗೆ ಕಾಲುವೆಯ ತಳ ಕಾಣುತ್ತದೆ. ಅವರು ರಸ್ತೆಗಿಳಿಯುತ್ತಾರೆ, ದಂಡೆಗೆ ಪೊಲೀಸ್ ಕಾವಲು ಬರುತ್ತದೆ. ರೂಸೋ ಬಿಡಿಸಿಟ್ಟದ್ದು ಇದನ್ನೇ: ಒಬ್ಬೊಬ್ಬರ ಆಸೆಯನ್ನು ಕೂಡಿಸಿದರೆ ಬರುವುದು ಮೊತ್ತವಷ್ಟೇ. ಎಲ್ಲರಿಗೂ ಸೇರಿದ ಹಿತ ಯಾವುದು ಎಂಬ ಪ್ರಶ್ನೆಯೇ ಬೇರೆ. ಅದಕ್ಕೆ ಉತ್ತರ ಸಿಗುವುದು ಎಲ್ಲರೂ ಒಂದೆಡೆ ಕೂತು, ನಾನೇ ಕೊನೆ ತೂಬಿನವನಾಗಿದ್ದರೆ ಎಂದು ಯೋಚಿಸಿದಾಗ. ಸಿದ್ದಾಪುರದವರು ಕಾಲುವೆಯ ಮೇಲ್ಭಾಗದಲ್ಲಿದ್ದೀರಿ. ನ್ಯಾಯದ ಪರೀಕ್ಷೆ ಮೊದಲು ನಿಮಗೇ.

ಎಲ್ಲರೂ ಎಂದರೆ ನಿಜಕ್ಕೂ ಎಲ್ಲರೂ. ಒಪ್ಪಂದದ ಷರತ್ತು ಪ್ರತಿಯೊಬ್ಬನಿಗೂ ಒಂದೇ ಆಗಿರಬೇಕು ಎಂಬುದು ರೂಸೋನ ಹಟ. ನಮ್ಮ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಹೋಟೆಲು, ಕ್ಷೌರದಂಗಡಿ ಬಂದ್ ಎಂಬ ಜಗಳದ ಹಿನ್ನೆಲೆಯಲ್ಲಿ 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರುತಿಂಗಳು ಹೈಕೋರ್ಟ್ ಬಹುತೇಕರಿಗೆ ಜಾಮೀನು ನೀಡಿತು. ಕೋರ್ಟಿನ ಮಾತು ಕೋರ್ಟಿಗಿರಲಿ. ಒಂದೇ ಬೆಂಚಿನಲ್ಲಿ ಚಹಾ ಕುಡಿಯದ ಊರು ಒಂದೇ ಇಚ್ಛೆ ಎಲ್ಲಿಂದ ತಂದೀತು? ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಪಡೆದದ್ದು ಎಂದು ಅಂಬೇಡ್ಕರ್ 1954ರ ರೇಡಿಯೊ ಭಾಷಣದಲ್ಲಿ ಹೇಳಿದ್ದರು. ಎಲ್ಲಿಂದಲಾದರೂ ಬರಲಿ, ನಮ್ಮ ಓಣಿಗೆ ಬಂತೇ ಎಂಬುದು ಮುಖ್ಯ.

ರೂಸೋನನ್ನು ಹೊತ್ತು ಮೆರೆಸಬೇಡಿ. ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ‘ಎಮಿಲ್’ ಬರೆದ ಮಹಾಶಯ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟಿದ್ದ. ಹೆಣ್ಣಿನ ಶಿಕ್ಷಣ ಗಂಡನ್ನು ಸಂತೋಷಪಡಿಸಲಿಕ್ಕೆ ಎಂದು ನಂಬಿದ್ದ. ಅದಕ್ಕೆ 1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಎಂಬ ಹೆಣ್ಣುಮಗಳು ಸರಿಯಾಗಿ ಜಾಡಿಸಿದಳು. ಜನರ ಇಚ್ಛೆ ನಮಗೊಬ್ಬರಿಗೇ ಗೊತ್ತು ಎಂದು ಅವನ ಹೆಸರಿನಲ್ಲಿ ತಲೆ ಕಡಿದವರೂ ಇದ್ದಾರೆ. ಹಾಗೆ ಹೇಳುವ ನಾಯಕ ಇಂದಿಗೂ ಸಿಗುತ್ತಾನೆ, ಅವನಿಂದ ದೂರವಿರಿ. ತಂಗ್ಯಾರ, ಮೈಕು ಕೈಗೆ ಬಂದಾಗ ಗಂಡನ ಕಡೆ, ಅಣ್ಣನ ಕಡೆ ತಿರುಗಬೇಡಿ.

ಯಾವ ಮೈಕು? ಗ್ರಾಮಸಭೆಯದು. ರೂಸೋ ಕನಸಿನಲ್ಲಿ ಕಂಡ, ಜನರೇ ನೇರವಾಗಿ ಕೂರುವ ಸಭೆ ನಮಗೆ ಕಾನೂನಿನಲ್ಲೇ ಇದೆ. 73ನೇ ತಿದ್ದುಪಡಿ ಮತ್ತು 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಡೆಯುವುದು ಹೇಗೆ? ಶಾಮಿಯಾನ, ಖಾಲಿ ಕುರ್ಚಿ, ಮುಂದೆ ನಾಲ್ಕು ಹಿರಿಯರು. ಪಿಡಿಒ ಗಡಿಬಿಡಿಯಲ್ಲಿ ಓದಿದ ಕ್ರಿಯಾಯೋಜನೆಗೆ ‘ಆತ್ರಿ, ಆತ್ರಿ’ ಎಂಬ ಒಪ್ಪಿಗೆ. ರಿಜಿಸ್ಟರ್ ಆಮೇಲೆ ಮನೆಮನೆಗೆ ಹೋಗಿ ಸಹಿ ತರುತ್ತದೆ. ಯಾರಿಗೆ ಮನೆ ಸಿಕ್ಕಿತು, ಅನುದಾನ ಯಾವ ಓಣಿಯ ಚರಂಡಿಗೆ ಹೋಯಿತು ಎಂಬುದೆಲ್ಲ ನೀವಿಲ್ಲದೆ ತೀರ್ಮಾನವಾಗಿರುತ್ತದೆ.

ಆದ್ದರಿಂದ ಮುಂದಿನ ಸಭೆ ಯಾವತ್ತು ಎಂದು ಪಂಚಾಯಿತಿಗೆ ಹೋಗಿ ಕೇಳಿ. ಇಪ್ಪತ್ತು ಮಂದಿ ಸೇರಿ ಹೋಗಿ, ಎಲ್ಲ ಓಣಿಯವರೂ ಇರಲಿ. ಫಲಾನುಭವಿಗಳ ಪಟ್ಟಿಯನ್ನು ಹೆಸರು ಹೆಸರಾಗಿ ಓದಿಸಿ. ಗದ್ದಲ ಬೇಡ, ಪ್ರಶ್ನೆ ಬರೆದುಕೊಂಡು ಹೋಗಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ನಕಲು ಕೇಳಿ ಪಡೆಯಿರಿ. ನೀರು ಬಳಕೆದಾರರ ಸಂಘದಲ್ಲಿ ಅಪ್ಪನ ಹೆಸರಿದ್ದರೆ ಅದರ ಸಭೆಗೂ ಅಪ್ಪನ ಜೊತೆ ಹೋಗಿ, ಕೊನೆ ತೂಬಿನ ರೈತನಿಗೆ ಮೊದಲು ಮಾತಾಡಲು ಬಿಡಿ.