ಉಪ್ಪಾಗೆ, ಸಿಂಗಳೀಕ ಮತ್ತು ಸಂಘದ ತಕ್ಕಡಿ

(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ವನ್ಯಜೀವಿ ಮತ್ತು ನೈಸರ್ಗಿಕ ಸಂಪತ್ತಿನ ಸಂರಕ್ಷಣೆ ಎಂಬ ದೊಡ್ಡ ವಿಷಯವನ್ನು ನಮಗೆ ವಹಿಸಿದ್ದಾರೆ. ಶಿರಸಿಯ ಅರಣ್ಯ ಕಾಲೇಜಿನವರು ಮಾತಾಡಬೇಕಾದ ವಿಷಯ ಇದು. ಹುಲಿ, ಆನೆ ಎಲ್ಲ ನಮ್ಮ ಅಳವಿಗೆ ಸಿಗುವಂಥದ್ದಲ್ಲ. ನಾವು ಉಪ್ಪಾಗೆ ಹಣ್ಣಿನ ಬಗ್ಗೆ ಹೇಳ್ತೇವೆ. ಅದು ನಮ್ಮ ಸಂಘದ ತಕ್ಕಡಿಯ ಮೇಲೆ ಬಂದು ಕೂರುವ ಮಾಲು.

ನಾವು ಸಣ್ಣವರಿದ್ದಾಗ ಉಪ್ಪಾಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಸಾರಿಗೆ ನಾಲ್ಕು ಸಿಪ್ಪೆ, ಬೀಜದಿಂದ ಒಂದಿಷ್ಟು ಉಪ್ಪಾಗೆ ತುಪ್ಪ, ಅಷ್ಟೇ. ಒಣಗಿಸಿದ ಸಿಪ್ಪೆ ಕೇರಳಕ್ಕೆ ಹೋಗುತ್ತಿತ್ತು, ಅಲ್ಲಿ ಮೀನಿನ ಸಾರಿಗೆ ಹಾಕುತ್ತಾರೆ. 1990ರ ದಶಕದಲ್ಲಿ ಹೊರದೇಶದವರಿಗೆ ಇದರ ಸತ್ವದಿಂದ ಮೈ ಬೊಜ್ಜು ಕರಗುತ್ತದೆ ಎಂಬ ಸುದ್ದಿ ಮುಟ್ಟಿತು. ಕರಗಿತೋ ಇಲ್ಲವೋ, ನಮ್ಮ ಬೆಟ್ಟದ ಮರಗಳಂತೂ ಕರಗಿದವು. ದರ ಏರಿದ ಕೂಡಲೇ ಮರ ಹತ್ತುವವರು, ಜೀಪಿನಲ್ಲಿ ಬಂದು ಕೊಳ್ಳುವವರು ಎಲ್ಲ ಹುಟ್ಟಿಕೊಂಡರು.

ಉಪ್ಪಾಗೆ ಹಣ್ಣಾಗುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಜಡಿಮಳೆಯಲ್ಲಿ. ಹಣ್ಣಾಗಿ ತಾನೇ ಬೀಳುವತನಕ ಕಾದರೆ ಮರಕ್ಕೂ ಕೇಡಿಲ್ಲ, ಸಿಪ್ಪೆಯೂ ದಪ್ಪ. ಆದರೆ ನಾವು ಕಾದರೆ ಮತ್ತೊಬ್ಬರು ಕೊಯ್ಯುತ್ತಾರೆ ಎಂಬ ಹೆದರಿಕೆ. ಹಾಗಾಗಿ ಕಾಯಿಯನ್ನೇ ಕೊಯ್ದರು, ಕೊಯ್ಯಲು ಕೈಗೆ ಸಿಗದಿದ್ದರೆ ಟೊಂಗೆಯನ್ನೇ ಕಡಿದರು. ಕಡಿದರು ಅಂತ ಬೇರೆಯವರ ಮೇಲೆ ಹಾಕುವುದು ಬೇಡ. ನಮ್ಮ ಬೆಟ್ಟದಲ್ಲೇ ಹಳ್ಳದ ಪಕ್ಕದ ದೊಡ್ಡ ಮರವೊಂದರ ಟೊಂಗೆಗಳನ್ನು ನಾವೇ ನಿಂತು ಕಡಿಸಿದ್ದೇವೆ. ಆ ವರ್ಷ ಸಿಕ್ಕ ದುಡ್ಡಿನಲ್ಲಿ ಕೊಟ್ಟಿಗೆಗೆ ಹಂಚು ಹಾಕಿಸಿದೆವು. ಅದಾದ ಮೇಲೆ ಆರು ಮಳೆಗಾಲ ಆ ಮರ ಒಂದು ಕಾಯಿ ಬಿಡಲಿಲ್ಲ. ಮಳೆಯಲ್ಲಿ ಸಿಪ್ಪೆ ಒಣಗಲು ಹಗಲೂ ರಾತ್ರಿ ಬೆಂಕಿ ಬೇಕಲ್ಲ, ಅದಕ್ಕೆ ಸುಟ್ಟ ಕಟ್ಟಿಗೆಯ ಲೆಕ್ಕವನ್ನು ನಾವ್ಯಾರೂ ಇಟ್ಟಿಲ್ಲ.

ಈಗ ಸಿಂಗಳೀಕದ ವಿಷಯ. ಮಂಗ ಅಂದ ಕೂಡಲೇ ಸಭೆಯಲ್ಲಿ ಕೆಲವರ ಮುಖ ಗಂಟಾಯ್ತು, ನಮಗೆ ಕಾಣ್ತದೆ. ಬಾಳೆಗೊನೆ, ಏಲಕ್ಕಿ ಹಾಳು ಮಾಡುವ ಕೆಂಪು ಮೂತಿಯ ಮಂಗ ಬೇರೆ, ಇದು ಬೇರೆ. ಮೈ ಕಪ್ಪು, ಮುಖದ ಸುತ್ತ ಬೂದು ಬಿಳುಪಿನ ಕೇಸರ, ಬಾಲದ ತುದಿಗೆ ಕುಚ್ಚು. ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಲೋಕದಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಅದರಲ್ಲೂ ಉತ್ತರದ ಕೊನೆಯ ನೆಲೆ ನಮ್ಮ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡು. ಇಲ್ಲಿ 30ಕ್ಕೂ ಹೆಚ್ಚು ಗುಂಪುಗಳಿರುವುದನ್ನು ಸಂಶೋಧಕರು ಪತ್ತೆ ಮಾಡಿದ್ದಾರೆ. ಮಳೆಗಾಲದಲ್ಲಿ ಅದು ತಿನ್ನುವ ಹಣ್ಣುಗಳಲ್ಲಿ ಉಪ್ಪಾಗೆಯೂ ಒಂದು. ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಬೇರೆ ಕಡೆ ಬೀಜ ಉಗುಳುತ್ತದೆ. ಅಂದರೆ ನಮಗೆ ಉಪ್ಪಾಗೆ ನೆಡುವ ಆಳು ಅದು, ಸಂಬಳ ಇಲ್ಲ.

2011ರಲ್ಲಿ ಸರ್ಕಾರ ಸುಮಾರು 300 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿಸಿದರು. ಎರಡೂ ಸಲ ನಮ್ಮನ್ನು ಎಬ್ಬಿಸುತ್ತಾರೆ, ದನ ಬಿಡುವಂತಿಲ್ಲ, ಸೊಪ್ಪು ತರುವಂತಿಲ್ಲ ಅಂತ ಗಾಬರಿ ಎದ್ದಿತು. ಅಭಯಾರಣ್ಯದ ಕಾನೂನು ಬಿಗಿ ಇದೆ, ಅಲ್ಲಿಯ ಹುಟ್ಟುವಳಿ ತಂದು ಮಾರುವ ಹಾಗಿಲ್ಲ, ಹಾಗಾಗಿ ಆ ಗಾಬರಿ ಪೂರ್ತಿ ಸುಳ್ಳು ಅಂತ ನಾವು ಹೇಳುವುದಿಲ್ಲ. ಒಳಗಿರುವ ಊರಿನವರ ಕಷ್ಟ ಅವರಿಗೇ ಗೊತ್ತು. ನಮ್ಮ ಊರು ಗಡಿಯಿಂದ ಈಚೆ ಇದೆ. ಆದರೆ ಸಿಂಗಳೀಕಕ್ಕೆ ಗಡಿಕಲ್ಲು ಓದಲು ಬರುವುದಿಲ್ಲವಲ್ಲ. ನಮ್ಮ ಸೊಪ್ಪಿನ ಬೆಟ್ಟಕ್ಕೂ ಬರುತ್ತದೆ.

ಈ ಬೆಟ್ಟವೇ ಮುಖ್ಯ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯ ಮುಂಬಯಿ ಪ್ರಾಂತದ ಕಾಲದಿಂದ ಬಂದದ್ದು. ಜಾಗ ಸರ್ಕಾರದ್ದು, ಸೊಪ್ಪು ದರಕು ನಮ್ಮದು. ಕೆಲವರ ಬೆಟ್ಟ ಇನ್ನೂ ಕಾಡಿನ ಹಾಗಿದೆ, ಕೆಲವರದ್ದು ಬೋಳು ಗುಡ್ಡ. ಬೋಳು ಬೆಟ್ಟದ ಬುಡದ ಅಬ್ಬಿ ನೀರು ಮೊದಲು ಬತ್ತುತ್ತದೆ. ನಮ್ಮ ಕೇರಿಯಲ್ಲಿ ಹಿಂದೆ ಮೇ ತಿಂಗಳಲ್ಲೂ ದಂಬೆಯಲ್ಲಿ ನೀರು ಬರುತ್ತಿತ್ತು. ಈಗ ಮಾರ್ಚ್‌ಗೇ ಪಂಪು ಇಡಬೇಕು.

ಹಾಗಾದರೆ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅಂತ ಒಬ್ಬ ಹಿರಿಯ ಸದಸ್ಯರು ಕೇಳಿದರು. ಹಿಂದೆ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಅದರ ಲಾಭ ನಷ್ಟ ನೋಡಲು ತಜ್ಞರನ್ನು ಶಿರಸಿಗೆ ಕರೆಸಿ ಗೋಷ್ಠಿ ಮಾಡಿಸಿದ್ದು ಅಡಿಕೆ ಬೆಳೆಗಾರರ ಸಹಕಾರಿ ಸಂಘ. 1983ರಲ್ಲಿ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರ ಅಪ್ಪಿಕೊಂಡು ನಿಂತರು, ಅವರೂ ನಮ್ಮ ಹಾಗೆ ತೋಟ ಇದ್ದವರೇ. ಈಗ ಮರ ಅಪ್ಪುವ ಕೆಲಸ ಇಲ್ಲ. ಯಾವ ಮಾಲು ಕೊಳ್ಳಬೇಕು, ಯಾವತ್ತಿನಿಂದ ಕೊಳ್ಳಬೇಕು ಅಂತ ತೀರ್ಮಾನಿಸುವವರು ನಾವು. ತಕ್ಕಡಿ ಕಾಯಿಯನ್ನು ಒಪ್ಪಿಕೊಂಡರೆ ಕತ್ತಿ ಮರದ ಮೇಲೆ ಹೋಗುತ್ತದೆ.

ಎರಡು ವರ್ಷದ ಹಿಂದೆ ಆಡಳಿತ ಮಂಡಳಿಯಲ್ಲಿ ಬಲಿತು ಬಿದ್ದ ಹಣ್ಣಿನ ಸಿಪ್ಪೆ ಮಾತ್ರ ಕೊಳ್ಳುವುದು ಅಂತ ಠರಾವು ಮಾಡಿದೆವು. ಪರಿಣಾಮ ಏನಾಯ್ತು ಅಂತ ಮುಚ್ಚಿಡುವುದಿಲ್ಲ. ಮೊದಲ ವರ್ಷ ಬಂದ ಮಾಲು ಅರ್ಧ. ಉಳಿದದ್ದು ಜೀಪಿಗೆ ಹೋಯಿತು. ಮಾರಿದವರಲ್ಲಿ ನಮ್ಮ ಸದಸ್ಯರೂ ಇದ್ದರು, ಮಳೆಗಾಲದಲ್ಲಿ ಕೈಯಲ್ಲಿ ದುಡ್ಡಿಲ್ಲದವರು. ಅವರನ್ನು ಬೈದು ಪ್ರಯೋಜನ ಇಲ್ಲ. ಅದಕ್ಕೇ ಹೋದ ವರ್ಷ ಜೂನ್‌ನಲ್ಲೇ ಉಪ್ಪಾಗೆಯ ಮೇಲೆ ಮುಂಗಡ ಕೊಟ್ಟೆವು. ಕೊಯ್ಯುವವರ ಅವಸರ ಸ್ವಲ್ಪ ಇಳಿಯಿತು, ಪೂರ್ತಿ ನಿಂತಿಲ್ಲ. ಮುಂಗಡ ಕೊಟ್ಟದ್ದಕ್ಕೆ ಲೆಕ್ಕ ಪರಿಶೋಧಕರು ಆಕ್ಷೇಪ ಬರೆದಿದ್ದಾರೆ, ಅದೂ ಇದೆ. ಆ ಠರಾವು ಮುಂದುವರಿಸಬೇಕೋ ಬೇಡವೋ ಎಂಬುದು ಬರುವ ಮಹಾಸಭೆಯ ಮುಂದೆ ಬರ್ತದೆ. ಬೇಡ ಅನ್ನುವವರೂ ಬಂದು ಮಾತಾಡಿ, ಹೊರಗೆ ಜಗಲಿಯಲ್ಲಿ ಮಾತಾಡುವುದು ಬೇಡ.

ಇನ್ನೊಂದು ಮಾತು. ಬೀಜದಿಂದ ಎದ್ದ ಉಪ್ಪಾಗೆ ಗಿಡ ಫಲ ಕೊಡಲು ಹತ್ತು ಹನ್ನೆರಡು ವರ್ಷ ಬೇಕು, ಅದರಲ್ಲೂ ಸುಮಾರು ಅರ್ಧ ಗಂಡು ಮರ. ಕಸಿ ಗಿಡ ಬೇಗ ಫಲಕ್ಕೆ ಬರುತ್ತದೆ, ಗಿಡ್ಡವಾಗಿರುತ್ತದೆ, ಮರ ಹತ್ತಿ ಬೀಳುವ ಪ್ರಸಂಗ ಇಲ್ಲ. ತೋಟದ ಅಂಚಿಗೆ ಕಸಿ ಹಾಕಿ, ಬೆಟ್ಟದ ಮರ ಬೆಟ್ಟಕ್ಕೆ ಬಿಡೋಣ ಎಂಬುದು ನಮ್ಮ ಯೋಚನೆ. ನಾವು ಕಡಿಸಿದ ಆ ಹಳ್ಳದ ಮರ ಹೋದ ಮಳೆಗಾಲದಲ್ಲಿ ಮತ್ತೆ ಕಾಯಿ ಬಿಟ್ಟಿತ್ತು, ಒಂದು ಬುಟ್ಟಿಯಷ್ಟು. ನಾವು ಕೊಯ್ಯಲಿಲ್ಲ. ಯಾರು ತಿಂದರೋ ಗೊತ್ತಿಲ್ಲ, ಬುಡದಲ್ಲಿ ಸಿಪ್ಪೆ ಬಿದ್ದಿತ್ತು.

ಕಸಿ ಗಿಡ ಬೇಕಾದವರು ಈ ತಿಂಗಳ ಕೊನೆಯೊಳಗೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಊಟಕ್ಕೆ ಹೊತ್ತಾಯಿತು.