ವ್ಯಾಯಾಮವು ಚಟವಾದಾಗ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನ ಸಭೆಯೆಂದ ಮೇಲೆ ಭಾಷೆಯ ಅಳಿವು ಉಳಿವು, ಶಾಲೆಗಳ ಸ್ಥಿತಿಗತಿ ಇವುಗಳನ್ನು ಕುರಿತು ಮಾತನಾಡುವದು ವಾಡಿಕೆ. ಆ ಮಾತುಗಳನ್ನು ನನಗಿಂತ ಬಲ್ಲವರು ಈ ವೇದಿಕೆಯಿಂದ ಆಡಿದ್ದಾರೆ. ಇನ್ನು ಮುಂದೆಯೂ ಆಡುವರು. ಕಾರ್ಯಕರ್ತರು ನನಗೆ ವಹಿಸಿರುವದು ಆರೋಗ್ಯದ ವಿಷಯ. ವ್ಯಾಯಾಮ ಮಾಡಿರೆಂದು ಉಪದೇಶಿಸುವದು ಸುಲಭ, ಅದನ್ನು ಕೇಳಿ ಮರೆಯುವದು ಇನ್ನೂ ಸುಲಭ. ಆದುದರಿಂದ ನಾನು ಆ ವಿಷಯದ ಇನ್ನೊಂದು ಮಗ್ಗುಲನ್ನು ನಿಮ್ಮ ಮುಂದಿಡಬಯಸುವೆನು. ದಿನವೂ ತಪ್ಪದೆ ಸಾಮು ಮಾಡುವ ಒಳ್ಳೆಯ ರೂಢಿಯು ಕೆಲವರಲ್ಲಿ ಬರಬರುತ್ತ ಚಟವಾಗಿ ಮಾರ್ಪಡುವದುಂಟು. ಕುಡಿತದ ಚಟಕ್ಕೆ ಮನೆಯವರು ಅಳುತ್ತಾರೆ, ಇಸ್ಪೀಟಿನ ಚಟಕ್ಕೆ ಊರವರು ನಗುತ್ತಾರೆ. ಈ ಚಟಕ್ಕಾದರೋ ಎಲ್ಲರೂ ಭೇಷ್ ಎನ್ನುತ್ತಾರೆ. ಆ ಕಾರಣದಿಂದಲೇ ಇದು ಬಹುಕಾಲದವರೆಗೆ ಯಾರ ಕಣ್ಣಿಗೂ ಬೀಳುವದಿಲ್ಲ.

ಇದನ್ನು ಕೇಳಿ ಮೈಗಳ್ಳರು ಸಂತೋಷಪಡಬಾರದು! ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ ವಯಸ್ಕರಾದವರು ವಾರಕ್ಕೆ 150ರಿಂದ 300 ನಿಮಿಷಗಳಷ್ಟಾದರೂ ಚುರುಕಾದ ನಡಿಗೆಯಂಥ ಸಾಧಾರಣ ಶ್ರಮವನ್ನು ಮಾಡಬೇಕು. ಈ ಸಭಾಗೃಹದಲ್ಲಿ ಅಷ್ಟು ಮಾಡುವವರೆಷ್ಟು ಮಂದಿಯೆಂದು ನಾನು ಕೈ ಎತ್ತಿಸಿ ನೋಡುವದಿಲ್ಲ. ನನ್ನ ಮಾತು ಉಳಿದ ಕೆಲವರನ್ನು, ಅಂದರೆ ಬಿಡಲಾರದವರನ್ನು ಕುರಿತದ್ದು.

ನಮ್ಮ ನಾಡಿಗೆ ಸಾಮು ಹೊಸದಲ್ಲ. ಇಲ್ಲಿಂದ ಬಹುದೂರವಿಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲರಿಗಾಗಿಯೇ ಒಂದು ಪ್ರಕರಣವುಂಟು. ಭಾರವನ್ನೆತ್ತುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ಈಸುವ ಶ್ರಮ, ಕಂಬದ ಶ್ರಮವೆಂದು ಅವರ ಸಾಧನೆಯನ್ನು ಅಲ್ಲಿ ಬೇರೆ ಬೇರೆಯಾಗಿ ಹೇಳಿದೆ. ಗರಡಿಮನೆ, ನಮ್ಮ ಕಡೆಯ ಮಾತಿನಲ್ಲಿ ತಾಲೀಮು, ಆ ಪರಂಪರೆಯ ಕೂಸು. ಕೆಮ್ಮಣ್ಣಿನ ಅಖಾಡ, ಗೋಡೆಯ ಮೇಲೆ ಹನುಮಂತ, ದಂಡ, ಬೈಠಕ್, ಗದೆ, ಮಲ್ಲಕಂಬ ಇವು ನಿಮಗೆಲ್ಲ ಗೊತ್ತಿರುವವೇ. ಆದರೆ ತಾಲೀಮಿನಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ ಒಂದು ಸಾಧನವಿತ್ತು. ಅದುವೇ ವಸ್ತಾದ. ಎಷ್ಟು ಬೈಠಕ್ ಹೊಡೆಯಬೇಕೆಂಬುದನ್ನು ಹುಡುಗನು ತಾನೇ ನಿಶ್ಚಯಿಸುತ್ತಿರಲಿಲ್ಲ. ವಸ್ತಾದನು ಅವನ ಉಸಿರು ನೋಡಿ, ತೊಡೆಯ ನಡುಕ ನೋಡಿ, ಹಿಂದಿನ ರಾತ್ರಿ ನಿದ್ದೆಗೆಟ್ಟನೋ ಹೇಗೆಂದು ಮುಖದಿಂದಲೇ ತಿಳಿದು “ಸಾಕು ಮಾಡು” ಎಂದರೆ ಮುಗಿಯಿತು. ಬೆದರಿಸಿ ಮಾಡಿಸುವದಕ್ಕೆ ಹೇಗೋ ಹಾಗೆ ಗದರಿಸಿ ನಿಲ್ಲಿಸುವದಕ್ಕೂ ಅಲ್ಲೊಬ್ಬ ಹಿರಿಯನಿದ್ದನು. ತಾಲೀಮನ್ನು ಹೊಗಳುವವರು ಈ ಎರಡನೆಯ ಕೆಲಸವನ್ನು ನೆನೆಯುವದು ಕಡಿಮೆ.

ಹಿರಿಯನು ಮರೆಯಾಗಿ ಅಂಕಿ ಮಾತ್ರ ಉಳಿದರೆ ಏನಾಗುವದು? 1910ರಲ್ಲಿ ಲಂಡನ್ನಿಗೆ ಹೋಗಿ ಯುರೋಪದ ಮಲ್ಲರನ್ನು ಬೆರಗುಗೊಳಿಸಿದ ಪೈಲವಾನ ಗಾಮಾ ಅವರು ದಿನಕ್ಕೆ 5000 ಬೈಠಕ್, 3000 ದಂಡ ಹೊಡೆಯುತ್ತಿದ್ದರೆಂಬ ಕಥೆಯು ಎಲ್ಲ ಅಖಾಡಗಳಲ್ಲಿಯೂ ಪ್ರಚಲಿತವಾಗಿದೆ. ಅಂಕಿಯು ನಿಜವಿದ್ದೀತು, ಬೆಳೆದು ಬಂದುದೂ ಇದ್ದೀತು. ಆದರೆ ಬಾಲ್ಯದಿಂದ ಏರಿಸುತ್ತ ಬಂದ ಅಭ್ಯಾಸ, ಮಾಲೀಶು, ಹಾಲು ತುಪ್ಪ ಬದಾಮಿಯ ಆಹಾರ, ಮಧ್ಯಾಹ್ನದ ನಿದ್ದೆ ಇವು ಆ ಅಂಕಿಯ ಹಿಂದೆ ಇದ್ದುವೆಂಬುದನ್ನು ಕಥೆ ಕೇಳಿದ ಹುಡುಗನು ಲಕ್ಷಿಸುವದಿಲ್ಲ. ಅವನಿಗೆ ಐದು ಸಾವಿರವೊಂದೇ ಕಿವಿಯಲ್ಲಿ ನಿಲ್ಲುವದು.

ನಮ್ಮ ಹಳೆಯ ವೈದ್ಯರು ಇದನ್ನು ಅರಿಯದವರಾಗಿರಲಿಲ್ಲ. ದೇಹಕ್ಕೆ ಸ್ಥೈರ್ಯವನ್ನೂ ಬಲವನ್ನೂ ಕೊಡುವ ಚೇಷ್ಟೆಯೇ ವ್ಯಾಯಾಮವೆಂದು ಹೇಳಿದ ಚರಕಾಚಾರ್ಯರು, ಅದನ್ನು ಮಾತ್ರೆಯರಿತು ಮಾಡಬೇಕೆಂಬುದನ್ನೂ ಕೂಡಿಯೇ ಹೇಳಿದರು. ಅತಿಯಾದರೆ ಬಳಲಿಕೆ, ಕ್ಷಯ, ನೀರಡಿಕೆ, ಕೆಮ್ಮು, ಜ್ವರ, ವಾಂತಿಗಳು ಬರುವವೆಂದು ಎಣಿಸಿದರು. ಆನೆಯನ್ನು ಎಳೆಯಹೋದ ಸಿಂಹವು ತಾನೇ ಅಳಿಯುವದೆಂಬ ಹೋಲಿಕೆಯೂ ಅವರ ಶಾಸ್ತ್ರದ್ದೇ. ಗಮನಿಸಿರಿ, ಅವರು ಕುರಿಯ ಹೋಲಿಕೆ ಕೊಡಲಿಲ್ಲ. ಬಲಹೀನನಿಗೆ ಈ ಅಪಾಯವು ಕಡಿಮೆ. ಬಲ್ಲಿದನೇ ಇದರಲ್ಲಿ ಸಿಲುಕುವವನು. ಸುಶ್ರುತ, ವಾಗ್ಭಟರು ಅಳತೆಯನ್ನೂ ಕೊಟ್ಟರು: ಇದ್ದ ಶಕ್ತಿಯ ಅರ್ಧದಷ್ಟು. ಬಾಯಿಂದ ಉಸಿರಾಡುವ ಹೊತ್ತಾದರೆ ಆ ಅರ್ಧವು ತೀರಿತೆಂದು ತಿಳಿಯಬೇಕು. ಇಂದಿನ ಕ್ರೀಡಾವೈದ್ಯರು ಈ ಅಳತೆಯನ್ನು ಇದ್ದಂತೆಯೇ ಒಪ್ಪಲಿಕ್ಕಿಲ್ಲ. ಆದರೂ ಅಳತೆಯನ್ನು ಗಡಿಯಾರದಲ್ಲಲ್ಲ, ಮಾಡುವವನ ಮೈಯಲ್ಲಿಯೇ ಹುಡುಕಿದರಲ್ಲ, ಅದು ದೊಡ್ಡ ಮಾತು.

ದೇಹದ ಅತಿಶ್ರಮವನ್ನು ಹಿಂದಿನವರು ಹೇಳಿದರು. ಮನಸ್ಸು ಅದಕ್ಕೆ ಕಟ್ಟುಬೀಳುವ ಬಗೆಯನ್ನು ಶೋಧಿಸಿದವರು ಈಚಿನವರು. ಅಮೇರಿಕೆಯ ಬೇಕ್‌ಲೆಂಡ್ ಎಂಬ ವೈದ್ಯರು, ವ್ಯಾಯಾಮವನ್ನು ಒಂದು ತಿಂಗಳು ಬಿಟ್ಟರೆ ನಿದ್ದೆಯ ಮೇಲೆ ಏನು ಪರಿಣಾಮವಾಗುವದೆಂದು ನೋಡಬಯಸಿದರು. ದಿನವೂ ಓಡುವವರಿಗೆ ಹಣ ಕೊಡುವೆನೆಂದರೂ ಅವರು ಒಲ್ಲೆವೆಂದರು! ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ವ್ಯಾಯಾಮ ಮಾಡುವವರನ್ನೇ ಅವರು ಪ್ರಯೋಗಕ್ಕೆ ತೆಗೆದುಕೊಳ್ಳಬೇಕಾಯಿತು. ಅವರಲ್ಲಿಯೂ ನಿದ್ದೆ ಕೆಟ್ಟಿತು, ಮನಸ್ಸಿನ ನೆಮ್ಮದಿ ಕುಂದಿತು. ಈ ಶೋಧವು 1970ರಲ್ಲಿ ಪ್ರಕಟವಾಯಿತು. ಶೋಧದ ಫಲಕ್ಕಿಂತಲೂ ಹಣವನ್ನು ಒಲ್ಲೆನೆಂದವರ ಸಂಗತಿಯೇ ನನಗೆ ಹೆಚ್ಚು ಬೋಧಪ್ರದವಾಗಿ ತೋರುವದು. 1976ರಲ್ಲಿ ಗ್ಲಾಸರ್ ಎಂಬವರು ಓಟವನ್ನು ‘ಒಳ್ಳೆಯ ಚಟ’ವೆಂದು ಹೊಗಳಿ ಪುಸ್ತಕ ಬರೆದರು; ಮೂರೇ ವರ್ಷಗಳಲ್ಲಿ, 1979ರಲ್ಲಿ, ಮಾರ್ಗನ್ ಎಂಬವರು ಅದೇ ಓಟವು ಕೆಟ್ಟ ಚಟವೂ ಆಗಬಲ್ಲದೆಂದು ತೋರಿಸಿದರು. ಅಮೇರಿಕೆಯ ಮನೋವೈದ್ಯರು 2013ರಲ್ಲಿ ಪ್ರಕಟಿಸಿದ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟಕ್ಕೆ ಸ್ಥಾನವುಂಟು, ಇದಕ್ಕೆ ಪ್ರತ್ಯೇಕವಾದ ಸ್ಥಾನವಿಲ್ಲ. ಇದು ಸರಿಯೆಂದೇ ನನ್ನ ಎಣಿಕೆ. ಹೆಚ್ಚು ಓಡುವವರೆಲ್ಲ ರೋಗಿಗಳಲ್ಲ. ನಿತ್ಯ ಎರಡು ತಾಸು ಅಭ್ಯಾಸ ಮಾಡುವ ಪೈಲವಾನನು ನಿರೋಗಿಯಾಗಿರಬಹುದು, ಅರ್ಧ ತಾಸು ಮಾಡುವವನು ಚಟಗಾರನಾಗಿರಬಹುದು.

ಇವೆರಡರ ನಡುವಿನ ಗೆರೆಯು ಎಷ್ಟು ತೆಳುವೆಂಬುದಕ್ಕೆ ಒಬ್ಬ ಪ್ರಸಿದ್ಧ ಓಟಗಾರನನ್ನು ಉದಾಹರಿಸುವೆನು. ಸೊಲ್ಲಾಪುರದಂತೆಯೇ ಅರಳೆ ಗಿರಣಿಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಲ್ಯಾಂಕಾಶೈರ ಪ್ರಾಂತದ ರಾನ್ ಹಿಲ್ ಎಂಬವನು ಬಟ್ಟೆಯ ರಸಾಯನಶಾಸ್ತ್ರದಲ್ಲಿ ಪಂಡಿತನು; 1970ರ ಬೋಸ್ಟನ್ ಮ್ಯಾರಥಾನಿನಲ್ಲಿ ಗೆದ್ದವನು. 1964ರ ಡಿಸೆಂಬರ ತಿಂಗಳಲ್ಲಿ ಮೊದಲು ಮಾಡಿ 2017ರ ಜನವರಿಯವರೆಗೆ, ಐವತ್ತೆರಡು ವರ್ಷಗಳಿಗಿಂತ ಹೆಚ್ಚು ಕಾಲ, ಒಂದು ದಿನವೂ ಬಿಡದೆ ಕನಿಷ್ಠ ಒಂದು ಮೈಲಾದರೂ ಓಡಿದನು. 1993ರಲ್ಲಿ ಮೋಟಾರು ಅಪಘಾತದಲ್ಲಿ ಎದೆಯ ಎಲುಬು ಮುರಿದ ಮರುದಿನವೂ ಓಡಿದನು. ಪಾದದ ಶಸ್ತ್ರಚಿಕಿತ್ಸೆಯಾದಾಗ ಊರುಗೋಲಿನ ಮೇಲೆ ಕುಂಟುತ್ತ ಆ ಮೈಲನ್ನು ಮುಗಿಸಿದನು. ಕೊನೆಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಓಡುತ್ತಿರುವಾಗ ಎದೆ ನೋಯಹತ್ತಿತು. ಆಗ ಹೆಂಡತಿ, ಮನೆಯವರು, ಗೆಳೆಯರು ಇವರನ್ನು ನೆನೆದು ಇನ್ನು ಸಾಕೆಂದನು. 2021ರಲ್ಲಿ ತೀರಿಕೊಂಡನು. ಉದ್ಯೋಗವನ್ನೂ ಸಂಸಾರವನ್ನೂ ನಡೆಸಿದ ಈ ಮನುಷ್ಯನನ್ನು ರೋಗಿಯೆನ್ನಲು ನನಗೆ ಅಧಿಕಾರವಿಲ್ಲ, ಮನಸ್ಸೂ ಇಲ್ಲ. ಅವನ ಸಂಕಲ್ಪಕ್ಕೆ ಕೈ ಮುಗಿಯಬೇಕು. ಆದರೆ ಎದೆಯೆಲುಬು ಮುರಿದ ಆ ಮರುದಿನ ರಾನ್ ಹಿಲ್ಲನು ಓಡಿದನೋ, ಅಥವಾ ಇಪ್ಪತ್ತೆಂಟು ವರ್ಷಗಳ ಲೆಕ್ಕವು ಅವನನ್ನು ಓಡಿಸಿತೋ?

ನಮ್ಮ ತರುಣರ ಕಡೆಗೆ ಬರೋಣ. ಪೊಲೀಸ್ ಭರ್ತಿಗಾಗಿ, ಸೈನ್ಯಕ್ಕಾಗಿ ನಸುಕಿನಲ್ಲಿ ಹೆದ್ದಾರಿಯ ಬದಿಯಲ್ಲಿ ಓಡುವ ನಮ್ಮ ಹುಡುಗರನ್ನು ನೀವೆಲ್ಲ ಕಂಡಿದ್ದೀರಿ. ಮಹಾರಾಷ್ಟ್ರದ ಪೊಲೀಸ್ ಭರ್ತಿಯಲ್ಲಿ ಗಂಡುಮಕ್ಕಳಿಗೆ 1600 ಮೀಟರು, ಹೆಣ್ಣುಮಕ್ಕಳಿಗೆ 800 ಮೀಟರು ಓಟವುಂಟು. ಒಕ್ಕಲುತನ ಕೈಹಿಡಿಯದ ಮನೆಗಳಲ್ಲಿ ಆ ಕೆಲವು ನಿಮಿಷಗಳ ಮೇಲೆ ಇಡೀ ಸಂಸಾರದ ಆಸೆ ನಿಂತಿರುವದು. ಅವರನ್ನು ಓಡಬೇಡಿರೆಂದು ಹೇಳುವವನು ನಾನಲ್ಲ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಒಂದೇ ಜಾಗದಲ್ಲಿ, ಬೆರಳಿನಿಂದ ಒತ್ತಿದರೆ ಚುಳ್ಳೆನ್ನುವ ನೋವು ಬಂದರೆ ಅದು ಎಲುಬಿನ ಸೂಕ್ಷ್ಮವಾದ ಬಿರುಕು ಇರಬಹುದು. ಕೆಲವು ವಾರ ಬಿಟ್ಟರೆ ಕೂಡುವದು, ಹಟದಿಂದ ಓಡಿದರೆ ಪೂರಾ ಮುರಿಯುವದು. ಆಗ ಮನೆಯಲ್ಲಿ ನಡೆಯುವ ಮಾತು ಇಂತಿರುವದು:

“ಯಪ್ಪಾ, ಇವತ್ತೊಂದಿನ ಬಿಡೋ, ಕಾಲು ಬಾತೈತಿ.”

“ಒಂದಿನ ಬಿಟ್ರ ಎಲ್ಲಾ ಹೋಗ್ತದವ್ವಾ.”

ಹೋಗುವದಿಲ್ಲ. ಶ್ರಮದಲ್ಲಿ ಸವೆದ ಸ್ನಾಯುವು ಬಲಗೊಳ್ಳುವದು ವಿಶ್ರಾಂತಿಯ ಹೊತ್ತಿನಲ್ಲಿಯೇ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗವಿಡಬಾರದೆಂದು ಬಲ್ಲ ಒಕ್ಕಲಿಗನ ಮಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿತಲ್ಲ!

ಇನ್ನೊಂದು ಅಪಾಯವನ್ನು ತಾಲೀಮಿನ ಹುಡುಗರು ಅವಶ್ಯವಾಗಿ ತಿಳಿದಿರಬೇಕು. ಬಹುದಿನ ಬಿಟ್ಟು, ಪಂಥಕ್ಕೆ ಬಿದ್ದು ಒಮ್ಮೆಲೇ ನೂರಾರು ಬೈಠಕ್ ಹೊಡೆದರೆ ತೊಡೆಯ ಸ್ನಾಯುಗಳು ಒಡೆದು ಅವುಗಳ ದ್ರವ್ಯವು ರಕ್ತದಲ್ಲಿ ಸೇರುವದು. ಒಂದೆರಡು ದಿನಗಳಲ್ಲಿ ತೊಡೆ ಬಾತು, ಮೂತ್ರವು ಕಡುಚಹದ ಬಣ್ಣಕ್ಕೆ ತಿರುಗುವದು. ಮೂತ್ರಪಿಂಡಗಳೇ ಕೆಡುವ ಸಂಭವವುಂಟು. ಅಂಥ ಬಣ್ಣ ಕಂಡೊಡನೆ ಮಾಲೀಶು ಮಾಡುತ್ತ ಕೂಡ್ರದೆ ಆಸ್ಪತ್ರೆಗೆ ಹೋಗತಕ್ಕದ್ದು. ತಾಯಂದಿರಿಗೊಂದು ಮಾತು: ಹೆಚ್ಚು ಓಡಿ ಕಡಿಮೆ ಉಣ್ಣುವ ಹೆಣ್ಣುಮಕ್ಕಳಲ್ಲಿ ತಿಂಗಳ ಮುಟ್ಟು ನಿಂತುಹೋಗಿ ಎಲುಬು ಸವೆಯುವದನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲಿ ವಿಶದವಾಗಿ ಹೇಳಿದ್ದಾರೆ. ಓಟದಿಂದ ಹಾಗಾಗುವದು ಸಹಜವೆಂದು ಸುಮ್ಮನಿರಬಾರದು.

ಪಟ್ಟಣದ ಗೃಹಸ್ಥರ ಚಟವು ಇನ್ನೊಂದು ತೆರನಾದುದು. ಅವರ ಮುಂಗೈಗೆ ಈಗ ಹೆಜ್ಜೆಯನ್ನೆಣಿಸುವ ಗಡಿಯಾರ ಬಂದಿದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯೆಂಬುದು ಅವರಿಗೆ ವೇದವಾಕ್ಯ. ಈ ಹತ್ತು ಸಾವಿರವು ಹುಟ್ಟಿದುದು ವೈದ್ಯರ ಶೋಧದಿಂದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಯೆಣಿಸುವ ಯಂತ್ರದ ಹೆಸರಿನಿಂದ. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದೇ ಆ ಹೆಸರಿನ ಅರ್ಥ. ಹದಿನೈದು ಶೋಧಗಳನ್ನು ಕೂಡಿಸಿ ನೋಡಿ 2022ರಲ್ಲಿ ಪ್ರಕಟಿಸಿದ ಲೇಖನದಂತೆ, ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರ ಹೆಜ್ಜೆಗಳಲ್ಲಿಯೇ ಆಯುಷ್ಯದ ಲಾಭವು ಬಹುಮಟ್ಟಿಗೆ ದೊರೆತುಬಿಡುವದು. ಇಷ್ಟಾದರೂ ರಾತ್ರಿ ಹನ್ನೊಂದಕ್ಕೆ, ಜ್ವರವಿದ್ದರೂ, ಉಳಿದ ಎಂಟುನೂರು ಹೆಜ್ಜೆಗಳಿಗಾಗಿ ಪಡಸಾಲೆಯಲ್ಲಿ ಸುತ್ತುವವರುಂಟು. ವಸ್ತಾದನು ಸಾಕೆನ್ನುತ್ತಿದ್ದನು. ಗಡಿಯಾರಕ್ಕೆ ಮುಖ ನೋಡಲು ಬರುವದಿಲ್ಲ.

ಹಾಗಾದರೆ ಮನೆಯವರು ಗುರುತಿಸುವದೆಂತು? ಎಷ್ಟು ಮಾಡುತ್ತಾನೆಂದು ಕೇಳಬೇಡಿರಿ, ಬಿಟ್ಟರೆ ಏನಾಗುತ್ತಾನೆಂದು ನೋಡಿರಿ. ಮಳೆ ಬಂದು ಒಂದು ದಿನ ತಪ್ಪಿದರೆ ಮಕ್ಕಳ ಮೇಲೆ ಸಿಡುಕುವನೆ? ಮದುವೆ ಮುಂಜಿವೆಗೆ ಬಾರದೆ, ಬಂದರೂ ನಡುವೆ ಎದ್ದು ಹೋಗುವನೆ? ನಿನ್ನೆಯ ಅಳತೆ ಇಂದು ಸಾಲದಾಗುವದೆ? ಉಂಡ ಹೋಳಿಗೆಗೆ ದಂಡವೆಂಬಂತೆ ಓಡುವನೆ? ನೋವಿದ್ದುದನ್ನು ಮುಚ್ಚಿಡುವನೆ? ಇಂಥವು ಕೂಡಿಬಂದರೆ ಅವನಿಗೆ ಬೈಯುವದರಿಂದ ಪ್ರಯೋಜನವಿಲ್ಲ. ಬಹುಶಃ ಅವನು ಯಾವುದೋ ಕಳವಳದಿಂದ ಓಡುತ್ತಿರುವನು: ಕೈತಪ್ಪಿದ ನೌಕರಿ, ಸಾಲ, ಸಾವಿನ ದುಃಖ, ತನ್ನ ಮೈಯ ಬಗೆಗಿನ ಅತೃಪ್ತಿ. ಓಟವು ಆ ಹೊತ್ತಿಗೆ ನಿಜವಾಗಿಯೂ ಸಮಾಧಾನ ಕೊಡುವದು. ಅದೊಂದೇ ಸಮಾಧಾನವಾಗಿ ಉಳಿದಾಗ ಮಾತ್ರೆಯನ್ನು ಏರಿಸುತ್ತ ಹೋಗಬೇಕಾಗುವದು. ಆದುದರಿಂದ ವೈದ್ಯರು ಇದಕ್ಕೆ ವ್ಯಾಯಾಮವನ್ನು ಪೂರಾ ಬಿಡಿಸುವದಿಲ್ಲ. ಅಳತೆಗೆ ತರುತ್ತಾರೆ, ಒಳಗಿನ ಕಳವಳಕ್ಕೆ ಮಾತಿನ ಚಿಕಿತ್ಸೆ ಕೊಡುತ್ತಾರೆ. ಮನೋವೈದ್ಯರಲ್ಲಿಗೆ ಹೋಗಲು ನಾಚುವವರಿಗೆ ಭಾರತ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸವೆಂಬ ಉಚಿತ ದೂರವಾಣಿ ಸೇವೆಯುಂಟು. ಅದರ ಸಂಖ್ಯೆ 14416. ಕನ್ನಡವೂ ಅದರ ಭಾಷೆಗಳಲ್ಲೊಂದು. ಗಿರಣಿಯಲ್ಲಿ, ಕಚೇರಿಯಲ್ಲಿ ನಾವು ಯಾವ ಭಾಷೆಯನ್ನಾದರೂ ಆಡಿಯೇವು, ಎದೆಯ ಕಳವಳವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವದೇ ಸುಲಭ.

ಹತ್ತು ಗೆಳೆಯರು ಕೂಡಿ ಓಡುವಲ್ಲಿ ಒಬ್ಬ ಹಿರಿಯನನ್ನು ನೇಮಿಸಿಕೊಂಡು, ಅವನು ಬೇಡವೆಂದ ದಿನ ಓಡುವದಿಲ್ಲವೆಂದು ಕರಾರು ಮಾಡಿಕೊಂಡರೆ ಹೇಗೆ? ಸಂಘದ ಕಾರ್ಯಕರ್ತರು ಮನಸ್ಸು ಮಾಡಿದರೆ ಭರ್ತಿಯ ಹುಡುಗರಿಗೆ ಅಂಥ ಒಬ್ಬಿಬ್ಬರು ನಿವೃತ್ತ ಶಿಕ್ಷಕರನ್ನೋ, ಹಳೆಯ ಪೈಲವಾನರನ್ನೋ ಗೊತ್ತುಮಾಡಿಕೊಡುವದು ಕಷ್ಟವಲ್ಲ. ಇಲ್ಲಿಯೇ ಮುಂದಿನ ಸಾಲಿನಲ್ಲಿ ಅಂಥವರು ನಾಲ್ವರು ಕುಳಿತಿರುವದನ್ನು ಕಾಣುತ್ತಿದ್ದೇನೆ. ಸಭೆ ಮುಗಿದ ಮೇಲೆ ತರುಣರು ಅವರನ್ನು ಬಿಡದೆ ಹಿಡಿಯಲಿ. ಕಾಲು ನೋವಿದ್ದವರು ನನ್ನಲ್ಲಿಗೂ ಬರಬಹುದು. ಊಟದ ವೇಳೆಯವರೆಗೆ ನಾನು ಇಲ್ಲಿಯೇ ಇರುವೆನು.